ಕಪ್ಪು ಛಾಯೆ ಕೊಟ್ಟ ಹೆಡ್‌ಲೈಟ್, ಟೇಲ್ ಲೈಟ್: ಹಾಳಾಗದಂತೆ ತೆಗೆಯುವುದು ಹೇಗೆ?

ಹೊಸಚಾಲಕಿ

ಈಚೆಗೆ ಕೊಂಡ ಹಳೆಯ ಕಾರಿನ ದೀಪಗಳಿಗೆಲ್ಲ ಹಿಂದಿನ ಮಾಲೀಕರು ಕಪ್ಪು ಛಾಯೆ ಕೊಡಿಸಿದ್ದಾರೆ. ಹೆಡ್‌ಲೈಟುಗಳ ಮೇಲೆ ಹೊಗೆಬಣ್ಣದ ಫಿಲ್ಮ್ ಇದೆ. ಮೂಲೆಗಳಲ್ಲಿ ಎದ್ದಿದೆ, ನಡುವೆ ಗುಳ್ಳೆ ಬಂದಿದೆ. ಟೇಲ್ ಲೈಟುಗಳಿಗೆ ಡಬ್ಬಿಯ ಸ್ಪ್ರೇ ಹೊಡೆದಂತಿದೆ. ಬೆರಳಾಡಿಸಿದರೆ ತರಿತರಿ. ಕೆಳ ಅಂಚಿಗೆ ಬಣ್ಣ ಸೋರಿ ಬಂದು ಹನಿಯಾಗಿ ಗಟ್ಟಿಯಾಗಿದೆ.

ಮಧ್ಯಾಹ್ನದ ಬಿಸಿಲಿನಲ್ಲಿ ತಮ್ಮನಿಗೆ ಬ್ರೇಕ್ ಒತ್ತಲು ಹೇಳಿ ಹಿಂದೆ ನಿಂತು ನೋಡಿದೆ. ಯಾವಾಗ ಒತ್ತಿದ, ಯಾವಾಗ ಬಿಟ್ಟ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಹೀಗೇ ಓಡಿಸಲು ಮನಸ್ಸು ಒಪ್ಪುತ್ತಿಲ್ಲ.

ಥಿನ್ನರ್ ಹಾಕಿ ಒರೆಸಿದರೆ ಹೋಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ದೀಪಗಳನ್ನೇ ಬದಲಿಸಿ ಎಂದು ಇನ್ನೊಬ್ಬರು. ಸ್ವತಃ ಮಾಡಿ ಅನುಭವ ಇರುವವರು ದಾರಿ ತೋರಿಸಿ.

ಉಜ್ಜುಕಾಗದ

ಥಿನ್ನರ್ ಬೇಡ. ದಯವಿಟ್ಟು ಆ ಡಬ್ಬಿಯನ್ನು ದೀಪಗಳ ಹತ್ತಿರವೂ ತರಬೇಡಿ. ಥಿನ್ನರ್, ಅಸಿಟೋನ್, ಪೆಟ್ರೋಲ್ ಇವೆಲ್ಲ ಬಣ್ಣದ ಜೊತೆಗೆ ಕೆಳಗಿನ ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ. ಒರೆಸಿದ ಕ್ಷಣ ಸ್ವಚ್ಛವಾದಂತೆ ಕಾಣುತ್ತದೆ, ಆಮೇಲೆ ಮೈತುಂಬ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಆ ಬಿರುಕು ಒಳಗಿನವರೆಗೆ ಇಳಿದಿದ್ದರೆ ಯಾವ ಪಾಲಿಶ್ ಕೂಡ ಅದನ್ನು ಅಳಿಸುವುದಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಸಂಗತಿ ತಿಳಿದುಕೊಳ್ಳಿ. ಮೇಲಿರುವುದು ಫಿಲ್ಮೋ ಬಣ್ಣವೋ ಎಂಬುದು ಒಂದು. ಅದು ನಿಮಗೆ ಆಗಲೇ ಗೊತ್ತಾಗಿದೆ. ಕೆಳಗಿರುವುದು ಯಾವ ಪ್ಲಾಸ್ಟಿಕ್ ಎಂಬುದು ಇನ್ನೊಂದು. ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಹಾಳಾಗುವುದೂ ಇಲ್ಲಿಯೇ. ಈಗಿನ ಕಾರುಗಳ ಹೆಡ್‌ಲೈಟಿನ ಹೊರಮೈ ಪಾಲಿಕಾರ್ಬನೇಟ್. ಟೇಲ್ ಲೈಟಿನದು ಸಾಮಾನ್ಯವಾಗಿ ಅಕ್ರಿಲಿಕ್. ದೀಪವನ್ನು ಬಿಚ್ಚಿ ಹಿಂಬದಿ ಅಥವಾ ಅಂಚನ್ನು ಟಾರ್ಚ್ ಹಾಕಿ ನೋಡಿದರೆ ಅಚ್ಚಿನಲ್ಲೇ ಮೂಡಿದ ಸಣ್ಣ ಇಂಗ್ಲಿಷ್ ಅಕ್ಷರಗಳು ಸಿಗುತ್ತವೆ. ಪಿಸಿ ಎಂದಿದ್ದರೆ ಪಾಲಿಕಾರ್ಬನೇಟ್, ಪಿಎಂಎಂಎ ಎಂದಿದ್ದರೆ ಅಕ್ರಿಲಿಕ್.

ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಪಾಲಿಕಾರ್ಬನೇಟ್ ಏಟು ತಡೆಯುತ್ತದೆ, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಯಾಗುತ್ತದೆ. ಅದಕ್ಕಾಗಿ ಕಾರ್ಖಾನೆಯಲ್ಲೇ ಅದರ ಮೇಲೆ ಗಟ್ಟಿಯಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ. ಅಕ್ರಿಲಿಕ್ಕಿಗೆ ಬಿಸಿಲಿನ ಭಯ ಕಡಿಮೆ. ಅದಕ್ಕೆ ದ್ರಾವಕಗಳೇ ಶತ್ರು.

ಫಿಲ್ಮ್ ತೆಗೆಯುವುದು ಸುಲಭ, ಅದನ್ನು ಮೊದಲು ಮುಗಿಸಿ. ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಬಳಸುವುದಾದರೆ ಕಡಿಮೆ ಶಾಖದಲ್ಲಿಟ್ಟು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಎದ್ದಿರುವ ಮೂಲೆಯನ್ನು ಉಗುರಿನಿಂದ ಹಿಡಿದು, ಮೇಲಕ್ಕೆ ಎಳೆಯದೆ, ಫಿಲ್ಮನ್ನು ಅದರ ಮೇಲೆಯೇ ಹಿಂದಕ್ಕೆ ಮಡಿಸಿದಂತೆ ನಿಧಾನವಾಗಿ ಎಳೆಯಿರಿ. ಹದ ಸರಿಯಿದ್ದರೆ ಅಂಟೂ ಫಿಲ್ಮಿನ ಜೊತೆಯೇ ಎದ್ದು ಬರುತ್ತದೆ. ಅಂಟು ಎಳೆಎಳೆಯಾಗಿ ಗಾಜಿನ ಮೇಲೆ ಉಳಿಯತೊಡಗಿದರೆ ಅವಸರವಾಯಿತೆಂದು ಅರ್ಥ. ನಿಲ್ಲಿಸಿ, ಇನ್ನಷ್ಟು ಬಿಸಿ ಕೊಡಿ. ಹಳೆಯ ವಿನೈಲ್ ಫಿಲ್ಮ್ ಬಿಸಿಲಿಗೆ ಒಣಗಿ ಚೂರುಚೂರಾಗಿ ಹರಿಯುತ್ತದೆ. ಬ್ಲೇಡ್ ಹಾಕುವ ಆಸೆ ಆಗ ಬರುತ್ತದೆ, ಹಾಕಬೇಡಿ. ಉಳಿದ ಅಂಟಿಗೆ ಹೆಡ್‌ಲೈಟಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ನಡೆಯುತ್ತದೆ. ಅದೇ ಬಟ್ಟೆಯನ್ನು ಟೇಲ್ ಲೈಟಿಗೆ ಒಯ್ಯಬೇಡಿ. ಅಕ್ರಿಲಿಕ್ ಆಲ್ಕೊಹಾಲಿಗೂ ಬಿರುಕು ಬಿಡಬಹುದು. ಅಲ್ಲಿ ಸೋಪಿನ ನೀರು, ತೀರಾ ಹೋಗದಿದ್ದರೆ ಸ್ವಲ್ಪ ಸೀಮೆಎಣ್ಣೆ.

ಸಂಜೆಗೆಂಪು

ತೆಗೆಯುವ ವಿಧಾನವನ್ನು ಚೆನ್ನಾಗಿ ವಿವರಿಸಿದ್ದೀರಿ. ಆದರೆ ಛಾಯೆ ಕೊಟ್ಟದ್ದೆಲ್ಲ ತಪ್ಪು ಎಂಬ ಧಾಟಿಯನ್ನು ನಾನು ಒಪ್ಪಲಾರೆ. ನನ್ನ ಕಾರಿನ ಟೇಲ್ ಲೈಟಿಗೂ ತೆಳು ಫಿಲ್ಮ್ ಇದೆ. ಒಳ್ಳೆಯ ಫಿಲ್ಮ್, ಅರ್ಧಕ್ಕಿಂತ ಹೆಚ್ಚು ಬೆಳಕು ಬಿಡುವಂಥದ್ದು. ರಾತ್ರಿ ಗ್ಯಾರೇಜಿನಲ್ಲಿ ಹಾಕಿ ನೋಡಿದರೆ ಮೊದಲಿಗೂ ಈಗಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹೊಸಚಾಲಕಿ ಅವರ ಕಾರಿಗೆ ಹೊಡೆದದ್ದು ದಪ್ಪ ಸ್ಪ್ರೇ. ಕೆಟ್ಟ ಕೆಲಸಕ್ಕೆ ಎಲ್ಲ ಫಿಲ್ಮನ್ನೂ ದೂರುವುದು ನ್ಯಾಯವಲ್ಲ.

ಇನ್ನೊಂದು ಮಾತು. ಬಿಸಿಲು ಕೆಂಪು ಗಾಜಿನ ಒಳಗೆ ಹೋಗಿ ಹೊರಗೆ ಬರುವಾಗ ಫಿಲ್ಮನ್ನು ಎರಡು ಸಲ ದಾಟಬೇಕು, ಬಲ್ಬಿನ ಬೆಳಕು ಒಂದೇ ಸಲ. ಹಾಗಿದ್ದರೆ ಬಿಸಿಲಿನಲ್ಲಿ ದೀಪ ಇನ್ನೂ ಎದ್ದು ಕಾಣಬೇಕಲ್ಲವೇ?

ದೃಷ್ಟಿದೂರ

ಸಂಜೆಗೆಂಪು ಅವರೇ, ಎರಡು ಸಲ ದಾಟುವ ವಿಚಾರ ಎತ್ತಿದ್ದು ಒಳ್ಳೆಯದಾಯಿತು. ಲೆಕ್ಕ ಸರಿಯಾಗಿದೆ, ಅದರಿಂದ ತೆಗೆದ ತೀರ್ಮಾನವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಬಿಸಿಲಿನಲ್ಲಿ ದೀಪದ ಹೊಳಪು ಒಳಗಿನಿಂದ ಮಾತ್ರ ಬರುವುದಲ್ಲ. ಪ್ಲಾಸ್ಟಿಕ್ಕಿನ ಹೊರಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ನೇರವಾಗಿ ವಾಪಸು ಎಸೆಯುತ್ತದೆ. ಈ ಪ್ರತಿಫಲನ ಫಿಲ್ಮಿನ ಮೇಲ್ಮೈಯಲ್ಲೇ ಆಗುವುದರಿಂದ ಛಾಯೆ ಅದನ್ನು ಕಡಿಮೆ ಮಾಡುವುದಿಲ್ಲ. ಹಿಂದಿನಿಂದ ಬರುವ ಚಾಲಕನ ಕಣ್ಣು ಬಿಸಿಲು ಬಿದ್ದ ರಸ್ತೆಗೆ, ಹೊಳೆಯುವ ಬಂಪರಿಗೆ ಹೊಂದಿಕೊಂಡಿರುತ್ತದೆ. ಆ ಕಣ್ಣಿಗೆ ದೀಪ ಹೊತ್ತಿತು ಎಂದು ತಟ್ಟನೆ ಹೊಳೆಯಬೇಕಾದರೆ ಬೆಳಕಿಗೆ ಸಾಕಷ್ಟು ಬಲವಿರಬೇಕು. ಆ ಬಲವನ್ನೇ ಫಿಲ್ಮ್ ಕಸಿಯುತ್ತದೆ.

ವಿಶ್ವಸಂಸ್ಥೆಯ ವಾಹನ ನಿಯಮ 7ರ ಪ್ರಕಾರ ಸಾಮಾನ್ಯ ಬ್ರೇಕ್ ದೀಪ ನೇರ ಹಿಂದಿನಿಂದ ಕನಿಷ್ಠ 60 ಕ್ಯಾಂಡೆಲಾ (ಒಂದು ದಿಕ್ಕಿನಲ್ಲಿ ಬೆಳಕಿನ ಬಲ ಅಳೆಯುವ ಮಾನ) ಬೆಳಕು ಕೊಡಬೇಕು, ರಾತ್ರಿಯ ಟೇಲ್ ದೀಪಕ್ಕೆ 4 ಸಾಕು. ಈ ಅಂತರ ಯಾಕೆಂದು ಯೋಚಿಸಿ. ಟೇಲ್ ದೀಪದ ಕೆಲಸ ಕತ್ತಲೆಯಲ್ಲಿ; ಬ್ರೇಕ್ ದೀಪ ನಡುಮಧ್ಯಾಹ್ನವೂ ಕೂಗಿ ಹೇಳಬೇಕು. ಕನಿಷ್ಠ ಮಟ್ಟದ ಹತ್ತಿರ ಇರುವ ದೀಪದ ಮೇಲೆ ಶೇಕಡಾ 35 ಬೆಳಕು ಬಿಡುವ ಫಿಲ್ಮ್ ಹಾಕಿದರೆ 60 ಇದ್ದದ್ದು 21ಕ್ಕೆ ಇಳಿಯುತ್ತದೆ. ನೀವು ರಾತ್ರಿ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿದ್ದೀರಿ. ಅಲ್ಲಿ 21 ಕ್ಯಾಂಡೆಲಾ ಕೂಡ ಕಣ್ಣು ಕುಕ್ಕುತ್ತದೆ. ನಮ್ಮ ಕಣ್ಣು ಬೆಳಕನ್ನು ಅಳತೆಗೋಲಿನಂತೆ ಅಳೆಯುವುದಿಲ್ಲ. ಅರ್ಧಕ್ಕಿಳಿದ ಬೆಳಕು ನಮಗೆ ತುಸುವೇ ಮಂಕಾದಂತೆ ಕಾಣುತ್ತದೆ. ಹೊಸಚಾಲಕಿ ಅವರು ಮಧ್ಯಾಹ್ನ ನಿಂತು ನೋಡಿದ್ದೇ ಸರಿಯಾದ ಪರೀಕ್ಷೆ.

ಈಗ ಆ ಎರಡು ಸಲದ ಲೆಕ್ಕಕ್ಕೆ ಬರೋಣ. ಟೇಲ್ ಲೈಟಿನಲ್ಲಿ, ಕೆಲವು ಕಾರುಗಳಲ್ಲಿ ಬಂಪರಿನಲ್ಲಿ, ಕೆಂಪು ರಿಫ್ಲೆಕ್ಟರ್ ಇರುತ್ತದೆ. ಸಣ್ಣಸಣ್ಣ ಮೂಲೆಗಳ ಜಾಲರಿಯಂತೆ ಕಾಣುವ ಭಾಗ ಅದು. ಬ್ಯಾಟರಿ ಸತ್ತು, ದೀಪವೆಲ್ಲ ಆರಿ, ಕಾರು ಕತ್ತಲ ರಸ್ತೆಯ ಅಂಚಿನಲ್ಲಿ ನಿಂತಾಗ ಹಿಂದಿನಿಂದ ಬರುವವರಿಗೆ ಅದೊಂದೇ ಸುಳಿವು. ಬರುವ ವಾಹನದ ಬೆಳಕು ಫಿಲ್ಮ್ ದಾಟಿ ಒಳಗೆ ಹೋಗಬೇಕು, ಮತ್ತೆ ಫಿಲ್ಮ್ ದಾಟಿ ಹೊರಗೆ ಬರಬೇಕು. ಶೇಕಡಾ 50 ಬಿಡುವ ಫಿಲ್ಮಿನಲ್ಲಿ ವಾಪಸು ಬರುವುದು ಶೇಕಡಾ 25. ಶೇಕಡಾ 35ರ ಫಿಲ್ಮಿನಲ್ಲಿ 12ರ ಆಸುಪಾಸು. ಛಾಯೆಯ ಬಗ್ಗೆ ವಾದ ಮಾಡುವವರು ಬಲ್ಬಿನ ಬಗ್ಗೆ ಮಾತ್ರ ಮಾತಾಡುತ್ತಾರೆ. ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವುದು ಈ ರಿಫ್ಲೆಕ್ಟರ್.

ಹೆಡ್‌ಲೈಟಿನದು ಇನ್ನೊಂದು ಕಥೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ. ಅರ್ಧ ಬೆಳಕು ಬಿಡುವ ಫಿಲ್ಮ್ ಹಾಕಿದರೆ, ಮೊದಲು 100 ಮೀಟರ್ ದೂರದಲ್ಲಿ ಬೀಳುತ್ತಿದ್ದಷ್ಟು ಬೆಳಕು ಈಗ 71 ಮೀಟರಿನಲ್ಲೇ ಸಿಗುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಹೋದ 29 ಮೀಟರ್ ಎಂದರೆ ಒಂದು ಸೆಕೆಂಡಿಗೂ ಹೆಚ್ಚು. ರಸ್ತೆಯಲ್ಲಿ ಯಾರೋ ನಡೆಯುತ್ತಿದ್ದಾರೆ ಎಂದು ಕಂಡು ಕಾಲು ಬ್ರೇಕಿಗೆ ಹೋಗುವ ಸಮಯ ಅದು.

ಸಂಜೆಗೆಂಪು

ರಿಫ್ಲೆಕ್ಟರಿನ ವಿಚಾರ ನನಗೆ ಹೊಳೆದಿರಲಿಲ್ಲ. ನಾಳೆಯೇ ಆ ಭಾಗದ ಫಿಲ್ಮ್ ಕತ್ತರಿಸಿ ತೆಗೆಯುತ್ತೇನೆ. ಉಳಿದದ್ದಕ್ಕೆ ಹೆಚ್ಚು ಪ್ರಖರವಾದ ಬಲ್ಬ್ ಹಾಕಿದರೆ ಕೊರತೆ ತುಂಬಿಕೊಳ್ಳುವುದಿಲ್ಲವೇ? ಎಲ್‌ಇಡಿ ಬಲ್ಬುಗಳು ಸಿಗುತ್ತವೆ. ಹೆಡ್‌ಲೈಟಿಗೆ 100 ವ್ಯಾಟಿನದೂ ಇದೆ.

ತಂತಿಗೊಂಚಲು

ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು ನಾನು. ಇದನ್ನು ಕೇಳಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಹೆಡ್‌ಲೈಟಿಗೆ ಹಾಕುವ ಎಚ್4 ಹ್ಯಾಲೊಜೆನ್ ಬಲ್ಬ್ ಮೂಲತಃ 60/55 ವ್ಯಾಟ್, ಹೈ ಬೀಮಿಗೆ 60, ಲೋ ಬೀಮಿಗೆ 55. ಅಂದರೆ 12 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್. 100 ವ್ಯಾಟಿನದನ್ನು ಹಾಕಿದರೆ ಅದೇ ತಂತಿ, ಅದೇ ಸ್ವಿಚ್ಚಿನಲ್ಲಿ 8 ಆಂಪಿಯರಿಗಿಂತ ಹೆಚ್ಚು ಹರಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವ ಹೋಲ್ಡರುಗಳನ್ನು ನಾನು ಬಿಚ್ಚಿ ತೆಗೆದಿದ್ದೇನೆ. ಬೆಳಕನ್ನು ಮುಂದಕ್ಕೆ ಎಸೆಯುವ ಒಳಗಿನ ಬಟ್ಟಲಿನ ಬೆಳ್ಳಿಮೈ ಬಲ್ಬಿನ ಮೇಲ್ಭಾಗದಲ್ಲಿ ಸುಟ್ಟು ಮಂಕಾಗಿರುತ್ತದೆ. ಬಟ್ಟಲು ಹೋದ ಮೇಲೆ ಯಾವ ಬಲ್ಬ್ ಹಾಕಿಯೂ ಬೆಳಕು ವಾಪಸು ಬರುವುದಿಲ್ಲ.

ಎಲ್‌ಇಡಿ ವಿಷಯದಲ್ಲಿ ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕುತ್ತಾರೆ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಮತ್ತು ಹಳದಿಯ ಪಾಲು ಹೆಚ್ಚು, ಕೆಂಪಿನ ಪಾಲು ಕಡಿಮೆ. ಕೆಂಪು ಗಾಜು ಉಳಿದದ್ದನ್ನೆಲ್ಲ ನುಂಗಿ ಆ ಕಡಿಮೆಯನ್ನಷ್ಟೇ ಬಿಡುತ್ತದೆ. ಹೊರಗೆ ಇಟ್ಟು ನೋಡಿದಾಗ ಕಣ್ಣು ಕೋರೈಸಿದ ಬಲ್ಬ್ ಒಳಗೆ ಹೋದ ಮೇಲೆ ಹಳೆಯ 21 ವ್ಯಾಟಿನ ತಂತು ಬಲ್ಬಿಗಿಂತ ಮಂಕಾಗಿ ಗುಲಾಬಿ ಛಾಯೆಯಲ್ಲಿ ಉರಿಯಬಹುದು. ದೀಪದ ಬಟ್ಟಲನ್ನು ರೂಪಿಸಿರುವುದು ತಂತು ಇರುವ ಜಾಗಕ್ಕೆ ಸರಿಯಾಗಿ. ಎಲ್‌ಇಡಿಯ ಬೆಳಕು ಬೇರೆ ಜಾಗದಿಂದ ಹೊರಟರೆ ಬಟ್ಟಲು ಅದನ್ನು ಬೇಕಾದ ಕಡೆಗೆ ಕಳುಹಿಸುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಮೊದಲು ಅಡ್ಡಿ ತೆಗೆಯಿರಿ, ಬಲ್ಬನ್ನು ಮುಟ್ಟಬೇಡಿ.

ಹೊಸಚಾಲಕಿ

ಎಲ್ಲರಿಗೂ ಧನ್ಯವಾದ. ಹೆಡ್‌ಲೈಟಿನ ಫಿಲ್ಮ್ ಹೇರ್ ಡ್ರೈಯರಿನಿಂದ ಬಂತು. ಒಂದು ಕಡೆಯದು ಒಂದೇ ತುಂಡಾಗಿ ಬಂದರೆ ಇನ್ನೊಂದು ಕಡೆಯದು ಚೂರಾಯಿತು. ಕೆಳಗಿನ ಪ್ಲಾಸ್ಟಿಕ್ ಮಾತ್ರ ಹಳದಿಗಟ್ಟಿದೆ, ಮೇಲ್ಭಾಗದಲ್ಲಿ ಲೇಪ ಸಿಪ್ಪೆಯಂತೆ ಏಳುತ್ತಿದೆ.

ಟೇಲ್ ಲೈಟಿನಲ್ಲಿ ಪಿಎಂಎಂಎ ಎಂದು ಬರೆದಿದೆ. ಸ್ಪ್ರೇಗೆ ಏನು ಮಾಡಲಿ? ಬ್ರೇಕ್ ಆಯಿಲ್ ಹಚ್ಚಿಟ್ಟರೆ ಬಣ್ಣ ಬಿಡುತ್ತದೆ, ಒಲೆ ತೊಳೆಯುವ ಕ್ಲೀನರ್ ಒಳ್ಳೆಯದು ಎಂದೆಲ್ಲ ವಿಡಿಯೊಗಳಲ್ಲಿ ತೋರಿಸುತ್ತಾರೆ.

ಉಜ್ಜುಕಾಗದ

ಎರಡೂ ಬೇಡ. ಬ್ರೇಕ್ ಆಯಿಲ್ ಕಾರಿನ ಬಾಡಿಯ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಅದನ್ನು ಎಬ್ಬಿಸುತ್ತದೆ, ಆಮೇಲೆ ಕೆಲಸ ಎರಡಾಗುತ್ತದೆ. ಒಲೆಯ ಕ್ಲೀನರಿನಲ್ಲಿರುವ ತೀಕ್ಷ್ಣ ಕ್ಷಾರ ಪಾಲಿಕಾರ್ಬನೇಟನ್ನು ಕೊರೆಯುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಕೂಡ ಹೆಡ್‌ಲೈಟಿಗೆ ಬೇಡ. ಸೊಳ್ಳೆ ಓಡಿಸುವ ಮುಲಾಮು ಹಚ್ಚಿ ಹೊಳಪು ಬರಿಸುವ ವಿಡಿಯೊವನ್ನೂ ನೀವು ನೋಡಿರಬಹುದು. ಅದರಲ್ಲಿರುವ ಡೀಟ್ ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಕರಗಿಸಿ ಹರಡುತ್ತದೆ. ಆ ಹೊಳಪು ಕ್ಯಾಮೆರಾ ಮುಂದೆ ಇರುವಷ್ಟು ಹೊತ್ತಿನದು, ಹಾನಿ ಶಾಶ್ವತ.

ಟೇಲ್ ಲೈಟಿನ ಸ್ಪ್ರೇಗೆ ನೀರು ಮತ್ತು ವಾಟರ್ ಪೇಪರ್ (ಒದ್ದೆಮಾಡಿ ಉಜ್ಜುವ ಮರಳುಕಾಗದ) ಸಾಕು. ದೀಪವನ್ನು ಕಾರಿನಿಂದ ಬಿಚ್ಚಿ ತೆಗೆಯಿರಿ. ಹಾಗೆಯೇ ಉಜ್ಜಿದರೆ ಅಂಚಿನ ಬಣ್ಣ ಸರಿಯಾಗಿ ಹೋಗುವುದಿಲ್ಲ, ಬಾಡಿಗೂ ಗೀರು ಬೀಳುತ್ತದೆ. ಹಿಂಬದಿಯ ಬಲ್ಬ್ ರಂಧ್ರಗಳನ್ನು ಟೇಪಿನಿಂದ ಮುಚ್ಚಿ, ಒಳಗೆ ನೀರು ಹೋಗಬಾರದು. ಪೇಪರನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ. ನೀರಿಗೆ ಎರಡು ಹನಿ ಸೋಪು ಹಾಕಿ.

ಸೋರಿ ಗಟ್ಟಿಯಾದ ಹನಿಗಳಿಂದ ಶುರುಮಾಡಿ. ಆ ಜಾಗಕ್ಕೆ ಮಾತ್ರ 600 ನಂಬರಿನ ಪೇಪರ್ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು), ಅದರ ಹಿಂದೆ ಗಟ್ಟಿ ರಬ್ಬರ್ ತುಂಡು ಇಟ್ಟುಕೊಂಡು. ಬೆರಳಿನಿಂದಲೇ ಒತ್ತಿದರೆ ಹನಿ ಹೋಗುವ ಮೊದಲು ಅದರ ಸುತ್ತ ಹಳ್ಳ ಬೀಳುತ್ತದೆ. ಹನಿ ಸಮವಾದ ಮೇಲೆ ಇಡೀ ದೀಪಕ್ಕೆ 800. ಕೆಳಗೆ ಹರಿಯುವ ನೀರಿನ ಮೇಲೆ ಕಣ್ಣಿರಲಿ. ಮೊದಲು ಬೂದುಗಪ್ಪಾಗಿ ಬರುತ್ತದೆ. ಅದು ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಸ್ಪ್ರೇ ಮುಗಿದು ದೀಪದ ಕೆಂಪು ಅಕ್ರಿಲಿಕ್ ಸವೆಯಲು ಶುರುವಾಗಿದೆ. ಆ ಜಾಗದಲ್ಲಿ ಅಲ್ಲಿಗೇ ನಿಲ್ಲಿಸಿ. ಬಿಳಿ ಭಾಗದಲ್ಲಿ ನೀರು ಹಾಲಿನಂತೆ ಬರುತ್ತದೆ.

ಆಮೇಲೆ 1000, 1500, 2000, ಕೊನೆಗೆ 3000. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕು ಬದಲಿಸಿ. ಒಮ್ಮೆ ಅಡ್ಡ, ಒಮ್ಮೆ ಉದ್ದ. ಹಿಂದಿನ ಹಂತದ ಗೀರು ಪೂರ್ತಿ ಮಾಯವಾಯಿತೋ ಇಲ್ಲವೋ ಎಂದು ಒಣಗಿಸಿ ನೋಡಿದರೆ ಮಾತ್ರ ತಿಳಿಯುತ್ತದೆ, ಒದ್ದೆಯಿದ್ದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. 1000ದಲ್ಲಿ ಉಳಿಸಿದ ಗೀರನ್ನು 3000 ಅಳಿಸಲಾರದು. ಈ ಕೆಲಸದಲ್ಲಿ ನೋಡುವ ಎಲ್ಲ ಕಳಪೆ ಫಲಿತಾಂಶಗಳಿಗೆ ಅರ್ಧ ಕಾರಣ ಇಷ್ಟೇ, ಹಂತ ಹಾರಿಸುವುದು.

ಕೊನೆಗೆ ರಬ್ಬಿಂಗ್ ಕಾಂಪೌಂಡ್, ಪಾಲಿಶ್. ಬಫಿಂಗ್ ಯಂತ್ರವಿದ್ದರೆ ಅತಿ ಕಡಿಮೆ ವೇಗದಲ್ಲಿ, ಒಂದು ಕಡೆ ನಿಲ್ಲದಂತೆ. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುತ್ತದೆ. ಯಂತ್ರದ ಉಜ್ಜಾಟಕ್ಕೆ ಅಷ್ಟು ಬಿಸಿ ಬರಲು ಹೆಚ್ಚು ಹೊತ್ತು ಬೇಡ. ಕೈಯಿಂದಲೇ ಮಾಡಿದರೆ ಇನ್ನೂ ಒಳ್ಳೆಯದು.

ಟೇಲ್ ಲೈಟಿಗೆ ಇಷ್ಟರಲ್ಲೇ ಮುಗಿಯಿತು. ಹೆಡ್‌ಲೈಟಿಗೆ ಹಾಗಲ್ಲ. ಅದನ್ನು ಬಲ್ಲವರು ಬರೆಯಲಿ.

ಪಾರದರ್ಶಕ

ಹೆಡ್‌ಲೈಟ್ ಬಗ್ಗೆ ನಾನು ಬರೆಯುತ್ತೇನೆ.

ನಿಮ್ಮ ಕಾರಿನಲ್ಲಿ ಸಿಪ್ಪೆಯಂತೆ ಏಳುತ್ತಿರುವುದೇ ಕಾರ್ಖಾನೆಯ ರಕ್ಷಣಾ ಲೇಪ. ಅರ್ಧ ಎದ್ದ ಲೇಪವನ್ನು ಉಳಿಸಿಕೊಳ್ಳಲಾಗದು, ಪೂರ್ತಿ ತೆಗೆಯಬೇಕು. 400 ಅಥವಾ 600ರಿಂದ ಶುರು. ನೀರು ಮೊದಲು ಹಳದಿಯಾಗಿ ಹರಿಯುತ್ತದೆ, ಆಮೇಲೆ ಬೆಳ್ಳಗಾಗುತ್ತದೆ. ಎಲ್ಲ ಕಡೆ ಒಂದೇ ಸಮನೆ ಬೆಳ್ಳಗೆ ಬರುವವರೆಗೆ ಉಜ್ಜಿ. ಗಾಜು ಆಗ ಮಂಜು ಕವಿದಂತೆ ಕಾಣುತ್ತದೆ; ಹೆದರಬೇಡಿ.

ಬಹಳ ಜನ ಇಲ್ಲಿಂದ 3000ದವರೆಗೆ ಹೋಗಿ ಪಾಲಿಶ್ ಮಾಡಿ, ಕನ್ನಡಿಯಂತೆ ಹೊಳೆಯುವ ದೀಪದ ಚಿತ್ರ ತೆಗೆದು ಕೆಲಸ ಮುಗಿಯಿತು ಎನ್ನುತ್ತಾರೆ. ಬೆತ್ತಲೆ ಪಾಲಿಕಾರ್ಬನೇಟಿಗೆ ಬಿಸಿಲು ನೇರ ಬಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಮೇಲೆ ಅತಿನೇರಳೆ ಕಿರಣ ತಡೆಯುವ ಲೇಪ ಬರಲೇಬೇಕು. ಎರಡು ಭಾಗ ಬೆರೆಸಿ ಹೊಡೆಯುವ ಟೂ-ಕೆ ಕ್ಲಿಯರ್ ಕೋಟ್ ಬಾಳಿಕೆ ಬರುತ್ತದೆ. ಅದನ್ನು ಹೊಡೆಯುವುದಾದರೆ 800 ಅಥವಾ 1000ದಲ್ಲೇ ನಿಲ್ಲಿಸಿ, ಪಾಲಿಶ್ ಮಾಡಬೇಡಿ. ನುಣುಪಾದ ಮೈಗೆ ಲೇಪ ಹಿಡಿಯುವುದಿಲ್ಲ, ಹಾಳೆಯಾಗಿ ಎದ್ದು ಬರುತ್ತದೆ. ಮಂಜಿನಂಥ ಗೀರುಗಳನ್ನು ಲೇಪವೇ ತುಂಬುತ್ತದೆ. ಮೊದಲ ತೆಳು ಪದರ ಬಿದ್ದೊಡನೆ ಗಾಜು ಕಣ್ಣೆದುರೇ ತಿಳಿಯಾಗುತ್ತದೆ.

ಟೂ-ಕೆ ಲೇಪದ ಗಟ್ಟಿಕಾರಕದಲ್ಲಿ ಐಸೊಸೈನೇಟ್ ಇರುತ್ತದೆ. ಅದರ ಹನಿಮಂಜು ಶ್ವಾಸಕೋಶಕ್ಕೆ ಅಪಾಯ, ಒಮ್ಮೆ ಅಲರ್ಜಿ ಹತ್ತಿದರೆ ಆಸ್ತಮಾ ಜೀವನಪೂರ್ತಿ ಕಾಡಬಹುದು. ಧೂಳಿಗೆ ಹಾಕುವ ಮುಖಗವಸು ಇದಕ್ಕೆ ಸಾಲದು. ಸರಿಯಾದ ಉಸಿರುರಕ್ಷಕ ಮತ್ತು ಗಾಳಿಯಾಡುವ ಜಾಗ ಇಲ್ಲದಿದ್ದರೆ ಈ ಒಂದು ಹಂತವನ್ನು ಬಣ್ಣದ ಬೂತ್ ಇರುವವರಿಗೆ ಬಿಡಿ. ಅದೂ ಬೇಡವೆಂದರೆ 3000ದವರೆಗೆ ಹೋಗಿ ಪಾಲಿಶ್ ಮಾಡಿ, ಬಣ್ಣವಿಲ್ಲದ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸಿ. ಫಿಲ್ಮ್ ಹಳತಾದರೆ ಅದನ್ನು ಮಾತ್ರ ಬದಲಿಸಬಹುದು. ನನಗೆ ಈ ದಾರಿಯೇ ಮೆಚ್ಚುಗೆ.

ಸಂಜೆಗೆಂಪು

ಇಂದು ಫಿಲ್ಮ್ ಪೂರ್ತಿ ತೆಗೆದೆ, ರಿಫ್ಲೆಕ್ಟರ್ ಭಾಗ ಮಾತ್ರವಲ್ಲ. ಒಂದು ಬದಿಯದನ್ನು ತೆಗೆದು, ಇನ್ನೊಂದು ಹಾಗೇ ಇರುವಾಗ ಮಧ್ಯಾಹ್ನ ಹಿಂದೆ ನಿಂತು ನೋಡಿದೆ. ಇಂಡಿಕೇಟರಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು: ಒಂದು ಕಿತ್ತಳೆ, ಇನ್ನೊಂದು ಕಂದು. ಆದರೂ ಕಪ್ಪು ದೀಪದ ಅಂದ ನನಗೆ ಇಷ್ಟ, ಅದನ್ನು ಸುಳ್ಳೆನ್ನಲಾರೆ. ಬೆಳಕು ಕಳೆದುಕೊಳ್ಳದೆ ಆ ರೂಪ ಪಡೆಯುವ ದಾರಿ ಇದೆಯೇ?

ದೃಷ್ಟಿದೂರ

ಇದೆ. ಕಪ್ಪಾಗಬೇಕಾದ್ದು ಗಾಜಲ್ಲ, ಅದರ ಹಿಂದಿನ ಚೌಕಟ್ಟು. ಹೆಡ್‌ಲೈಟಿನ ಒಳಗೆ ಬಟ್ಟಲಿನ ಸುತ್ತ ಅಲಂಕಾರಕ್ಕಿರುವ ಕ್ರೋಮ್ ಭಾಗವನ್ನು ಕಪ್ಪು ಮಾಡಿದರೆ ಆರಿದ ದೀಪ ಪೂರ್ತಿ ಕಪ್ಪಾಗಿ ಕಾಣುತ್ತದೆ, ಹೊತ್ತಿದಾಗ ಬೆಳಕು ಮೊದಲಿನಷ್ಟೇ. ಬಟ್ಟಲಿಗೆ ಬಣ್ಣ ತಾಗಬಾರದು. ಆದರೆ ಅದಕ್ಕೆ ದೀಪವನ್ನೇ ಬಿಸಿ ಮಾಡಿ ಬಿಡಿಸಬೇಕು. ಮೆದು ಬ್ಯುಟೈಲ್ ಅಂಟಿನಿಂದ ಮುಚ್ಚಿದ ದೀಪಗಳು ಬಿಡುತ್ತವೆ, ಗಟ್ಟಿ ಅಂಟಿನವು ಬಿಡದೆ ಒಡೆಯುತ್ತವೆ. ಮತ್ತೆ ಮುಚ್ಚುವಾಗ ಎಳೆಯಷ್ಟು ಸಂದು ಉಳಿದರೂ ಒಳಗೆ ಹನಿ ಕಟ್ಟುತ್ತದೆ.

ಟೇಲ್ ಲೈಟಿಗಾದರೆ ಕಾರ್ಖಾನೆಯಲ್ಲೇ ಕಪ್ಪಾಗಿ ತಯಾರಿಸಿದ ದೀಪಗಳಿವೆ. ಕೊಳ್ಳುವ ಮೊದಲು ಗಾಜಿನ ಮೇಲಿನ ಅಚ್ಚನ್ನು ನೋಡಿ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ ಇರುತ್ತದೆ. 1 ಎಂದರೆ ಜರ್ಮನಿ, 4 ಎಂದರೆ ನೆದರ್‌ಲ್ಯಾಂಡ್ಸ್. ಆ ಗುರುತಿರುವ ದೀಪವನ್ನು ಕಪ್ಪು ಗಾಜಿನ ಸಮೇತ ಅಳೆದು ಒಪ್ಪಿರುತ್ತಾರೆ. ಅದೇ ದೀಪದ ಮೇಲೆ ನಾವು ಫಿಲ್ಮ್ ಹಾಕಿದರೆ ಆ ಗುರುತಿಗೆ ಅರ್ಥ ಉಳಿಯುವುದಿಲ್ಲ.

ಹೊಸಚಾಲಕಿ

ಟೇಲ್ ಲೈಟ್ ಮುಗಿಯಿತು. ಗುಲಾಬಿ ನೀರಿನ ಸುಳಿವು ಬಹಳ ಉಪಯೋಗಕ್ಕೆ ಬಂತು. ಬಲಗಡೆಯದರಲ್ಲಿ ಮಾತ್ರ ಸೂಕ್ಷ್ಮ ಬಿರುಕುಗಳ ಜಾಲವಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಹಿಂದೆ ಯಾರೋ ದ್ರಾವಕ ಹಾಕಿದ್ದಿರಬೇಕು. ಹೆಡ್‌ಲೈಟುಗಳಿಗೆ ಪಾಲಿಶ್ ಮಾಡಿ ಪಾರದರ್ಶಕ ಫಿಲ್ಮ್ ಹಾಕಿದೆ. ಎರಡನ್ನೂ ಬಿಚ್ಚಿ ಮತ್ತೆ ಕೂರಿಸಿದ್ದೇನೆ. ಇನ್ನೇನು ನೋಡಬೇಕು?

ತಂತಿಗೊಂಚಲು

ಬಿರುಕಿನ ಜಾಲವಿರುವ ಬಲಗಡೆಯ ದೀಪವನ್ನು ಬದಲಿಸಿ. ಬಿರುಕು ಬೆಳಕನ್ನು ಎಲ್ಲೆಲ್ಲೋ ಚದುರಿಸುತ್ತದೆ. ಮುಂದೆ ಅದರಲ್ಲೇ ನೀರು ಒಸರುತ್ತದೆ, ಹೋಲ್ಡರ್ ತುಕ್ಕು ಹಿಡಿಯುತ್ತದೆ.

ಹೆಡ್‌ಲೈಟ್ ಬಿಚ್ಚಿ ಕೂರಿಸಿದ್ದರಿಂದ ಅದರ ಮಟ್ಟ ಸರಿದಿರುವ ಸಾಧ್ಯತೆ ಇದೆ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ಟೈರಿನ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕುಳಿತಿರಲಿ. ಒಳಗೆ ಮಟ್ಟ ಹೊಂದಿಸುವ ಗುಂಡಿ ಇದ್ದರೆ ಅದನ್ನು ಸೊನ್ನೆಗೆ ತಿರುಗಿಸಿ. ದೀಪದ ನಡುಭಾಗ ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆದು ಗೋಡೆಯ ಮೇಲೆ ಟೇಪಿನಿಂದ ಗುರುತು ಮಾಡಿ. ಲೋ ಬೀಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗುರುತಿಗಿಂತ ಕೆಳಗೆ ಬೀಳಬೇಕು. ಎಷ್ಟು ಕೆಳಗೆ ಎಂಬುದು ದೀಪದ ಮೇಲೆ ಅಥವಾ ಬಾನೆಟ್ ಒಳಗಿನ ಚೀಟಿಯಲ್ಲಿ ಶೇಕಡಾದಲ್ಲಿ ಬರೆದಿರುತ್ತದೆ. ಶೇಕಡಾ 1 ಎಂದಿದ್ದರೆ 10 ಮೀಟರಿಗೆ 10 ಸೆಂಟಿಮೀಟರ್. ದೀಪದ ಹಿಂದಿರುವ ಸ್ಕ್ರೂ ತಿರುಗಿಸಿ ಸರಿಮಾಡಿ. ಒಂದು ದೀಪವನ್ನು ಹೊಂದಿಸುವಾಗ ಇನ್ನೊಂದಕ್ಕೆ ಯಾರಾದರೂ ದಪ್ಪ ಬಟ್ಟೆಯನ್ನು ಸ್ವಲ್ಪ ಹೊತ್ತು ಅಡ್ಡ ಹಿಡಿಯಲಿ. ಹ್ಯಾಲೊಜೆನ್ ದೀಪ ಬಿಸಿಯಾಗುತ್ತದೆ, ಬಟ್ಟೆಯನ್ನು ಅದರ ಮೇಲೆಯೇ ಹೊದಿಸಿ ಬಿಡಬೇಡಿ.